ಹೈದರಾಬಾದ್ ಟೂರು: ಲುಂಬಿನಿ ಪಾರ್ಕಿನ ಲೇಸರ್ ಶೋಗೆ ಹೋಗುವ ಮಕ್ಕಳಿಗೆ 2007ರ ಬಾಂಬ್ ಸ್ಫೋಟದ ವಿಷಯ ಹೇಳಬೇಕಾ?

ಮಾನ್ವಿ_ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಾನ್ವಿಯ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಡಿಸೆಂಬರ್ ಬಂತೆಂದರೆ ಟೂರಿನ ಜವಾಬ್ದಾರಿ ನನ್ನ ತಲೆಗೇ ಬರುತ್ತದೆ. ನಮ್ಮ ಮಕ್ಕಳಿಗೆ ಬೆಂಗಳೂರು ದೂರ, ಹೈದರಾಬಾದ್ ಹತ್ತಿರ. ಬೆಳಗಿನ ಜಾವ ಬಸ್ಸು ಬಿಟ್ಟರೆ ರಾಯಚೂರು, ಶಕ್ತಿನಗರದ ಸೇತುವೆ, ಮಕ್ತಲ್, ಮೆಹಬೂಬ್‌ನಗರ ದಾಟಿ ನೇರ ಗೋಲ್ಕೊಂಡ. ಮರುದಿನ ಸಾಲಾರ್‌ಜಂಗ್ ಮ್ಯೂಸಿಯಂ, ಝೂ. ಸಂಜೆ ಹುಸೇನ್‌ಸಾಗರಕ್ಕೆ ಬಂದು, ಬೋಟಿನಲ್ಲಿ ಕೆರೆ ನಡುವಿನ ಬುದ್ಧನ ಮೂರ್ತಿ ಹತ್ತಿರ ಹೋಗಿ ಬಂದು, ಕೊನೆಗೆ ಲುಂಬಿನಿ ಪಾರ್ಕಿನ ಲೇಸರ್ ಶೋ. ಅದನ್ನು ನೋಡಿ ಬಸ್ಸು ಹತ್ತಿದರೆ ಊರು ಮುಟ್ಟುವವರೆಗೂ ಮಕ್ಕಳಿಗೆ ನಿದ್ದೆ, ನಮಗೆ ಶಾಂತಿ.

ಈ ಸಲ ಪೋಷಕರ ಸಭೆಯಲ್ಲಿ ಕ್ರಿಮಿನಾಶಕದ ಅಂಗಡಿ ಇಟ್ಟಿರುವ ಒಬ್ಬರು ಎದ್ದು ನಿಂತರು. "ಸರ, ಆ ಪಾರ್ಕಿನ್ಯಾಗ ಬಾಂಬ್ ಹಾಕಿದ್ರಲ್ರೀ. ಅಲ್ಲಿಗ್ಯಾಕ ಕರ್ಕೊಂಡು ಹೋಗ್ತೀರಿ?" ಅಂದರು. ಅದು 2007ರ ಮಾತು ಅಂತ ನಾನು ಹೇಳಿದೆ. ಅವರು ಬಿಡಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆಯ್ತು, 26 ಜನ ಹೋದರು, ಅದರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ನವೆಂಬರ್‌ನಲ್ಲಿ ದೆಹಲಿ ಕೆಂಪುಕೋಟೆ ಹತ್ತಿರ ಕಾರು ಸಿಡಿಯಿತು. ಜನ ಬೆಚ್ಚಿದ್ದಾರೆ. ತಪ್ಪು ಅನ್ನೋಕಾಗಲ್ಲ.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಹಿಂದೆ ಕೂತಿದ್ದ ಒಬ್ಬ ತಾಯಿ ಕೇಳಿದ ಮಾತು. "ಹುಡುಗ್ರಿಗೆ ಇದು ಗೊತ್ತೈತೇನ್ರೀ?" ಗೊತ್ತಿಲ್ಲ. ಗೊತ್ತಿರೋಕೆ ಸಾಧ್ಯವೂ ಇಲ್ಲ, ಆಗ ಇವರು ಹುಟ್ಟೇ ಇರಲಿಲ್ಲ. ಪಾನಿಪತ್ ಯುದ್ಧ ಹೇಳುವುದು ಸುಲಭ. ಅಲ್ಲಿ ಸತ್ತವರ ಕಡೆಯವರು ಯಾರೂ ನಮ್ಮ ಬಸ್ಸಿನಲ್ಲಿ ಇರುವುದಿಲ್ಲ. ಇದು ಹಾಗಲ್ಲ. ನಮ್ಮ ಜಿಲ್ಲೆಯಲ್ಲಿ ಹೈದರಾಬಾದಿನ ಸಂಬಂಧ ಇಲ್ಲದ ಮನೆ ಎಷ್ಟಿದ್ದಾವು?

ಹೋಗೋದು ಬಿಡೋದು ಹೇಗೋ ತೀರ್ಮಾನ ಆಗುತ್ತೆ. ನನ್ನ ಪ್ರಶ್ನೆ, ಮಕ್ಕಳಿಗೆ ಹೇಳಬೇಕಾ? ಹೇಳಿದರೆ ಎಲ್ಲಿ, ಎಷ್ಟು? ಆ ದಿನ ಹೈದರಾಬಾದಿನಲ್ಲಿ ಇದ್ದ ನಮ್ಮ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಪೇಪರಿನಲ್ಲಿ ಬಂದದ್ದು ನನ್ನ ಹತ್ತಿರ ಇದೆ. ನನಗೆ ಬೇಕಾದದ್ದು ಅದಲ್ಲ.

ಎಡದಂಡೆ_ಕಾಲುವೆ

ಸುಮ್ನೆ ಯಾಕೆ ಸರ್ ರಿಸ್ಕು? ಹಂಪಿ, ಆನೆಗೊಂದಿ ತೋರಿಸಿ, ಸಂಜೆ ಟಿಬಿ ಡ್ಯಾಮಿನ ಕಾರಂಜಿ ನೋಡಿಸಿ ವಾಪಸ್ ಬನ್ನಿ. ಖರ್ಚೂ ಕಡಿಮೆ. ಪೋಷಕರೂ ಖುಷಿ.

ಮಾನ್ವಿ_ಮೇಷ್ಟ್ರು

ಹಂಪಿಯನ್ನು ಪ್ರೈಮರಿಯಲ್ಲಿ ಒಂದು ಸಲ, ಹೈಸ್ಕೂಲಿನಲ್ಲಿ ಒಂದು ಸಲ ನೋಡಿ ಬಂದ ಮಕ್ಕಳು ಇವರು. ಕಲ್ಲಿನ ರಥದ ಮುಂದೆ ನಿಂತು ನನಗೇ ಪಾಠ ಹೇಳುತ್ತಾರೆ. ಆದರೂ ಸಲಹೆಗೆ ಥ್ಯಾಂಕ್ಸ್.

ಕೋಠಿಯ_ಹಳೇ_ಗುಮಾಸ್ತ

ಮೇಷ್ಟ್ರೇ, ನಾನು ದೇವದುರ್ಗದವನು. 2007ರಲ್ಲಿ ಹೈದರಾಬಾದಿನ ಕೋಠಿಯ ಒಂದು ಔಷಧದ ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದೆ. ಈಗ ರಾಯಚೂರಿನಲ್ಲಿ ನನ್ನದೇ ಮೆಡಿಕಲ್ ಶಾಪ್ ಇದೆ. ಈ ವಿಷಯ ಯಾರಾದರೂ ಕೇಳಿದರೆ ಸಾಮಾನ್ಯವಾಗಿ ಮಾತು ಬದಲಿಸುತ್ತೇನೆ. ಕೇಳುವವರು ಹೆಚ್ಚಾಗಿ "ನೀ ನೋಡಿದ್ಯಾ? ಹೆಂಗಿತ್ತು?" ಅಂತಲೇ ಕೇಳೋದು. ನೀವು ಬೇರೆ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ರಾಯಚೂರು ಬಸ್ಸು ಇಳಿಯುವ ಇಮ್ಲಿಬನ್ ನಿಲ್ದಾಣದಿಂದ ಕೋಠಿಗೆ ನಡೆದೇ ಹೋಗಬಹುದು. ಹಳೆ ಪುಸ್ತಕಕ್ಕೆ, ಸುಲ್ತಾನ್ ಬಜಾರಿನ ಸೀರೆಗೆ, ಉಸ್ಮಾನಿಯಾ ಆಸ್ಪತ್ರೆಗೆ ಅಂತ ಬಂದ ನಮ್ಮ ಜನ ವಾಪಸ್ ಬಸ್ಸು ಹತ್ತೋ ಮೊದಲು ಗೋಕುಲ್ ಚಾಟ್‌ನಲ್ಲಿ ನಿಂತು ಒಂದು ಪ್ಲೇಟ್ ಏನಾದರೂ ತಿಂದೇ ಹೋಗುತ್ತಿದ್ದರು. ಅಲ್ಲಿ ಕೂತು ತಿನ್ನೋ ಮಾತೇ ಇಲ್ಲ. ಸಂಜೆ ಆದರೆ ಜನ ರಸ್ತೆವರೆಗೂ ನಿಂತಿರುತ್ತಿದ್ದರು. ಬಾಂಬ್ ಇಟ್ಟವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಆಗಸ್ಟ್ 25, ಶನಿವಾರ. ಸಂಜೆ ಏಳೂಮುಕ್ಕಾಲರ ಸುಮಾರು. ಮೊದಲು ಲುಂಬಿನಿ ಪಾರ್ಕಿನ ಲೇಸರ್ ಶೋನಲ್ಲಿ, ಕೆಲವೇ ನಿಮಿಷದಲ್ಲಿ ಗೋಕುಲ್ ಚಾಟ್‌ನಲ್ಲಿ. ಎರಡೂ ಕಡೆ ಸೇರಿ ಸತ್ತವರು ಕನಿಷ್ಠ 42 ಜನ, ಹೆಚ್ಚಿನವರು ನಮ್ಮ ಕೋಠಿಯಲ್ಲಿ. ದಿಲ್‌ಸುಖ್‌ನಗರದ ಫುಟ್‌ಬ್ರಿಡ್ಜ್ ಕೆಳಗೆ ಇಟ್ಟಿದ್ದ ಇನ್ನೊಂದು ಬಾಂಬ್ ಸಿಡಿಯಲಿಲ್ಲ, ಅದನ್ನು ಪೊಲೀಸರು ನಿಷ್ಕ್ರಿಯ ಮಾಡಿದರು. ಆರು ವರ್ಷಕ್ಕೆ, 2013ರ ಫೆಬ್ರವರಿಯಲ್ಲಿ, ಅದೇ ದಿಲ್‌ಸುಖ್‌ನಗರದಲ್ಲಿ ಸೈಕಲ್ಲಿಗೆ ಕಟ್ಟಿದ ಬಾಂಬುಗಳು ಸಿಡಿದು 18 ಜನ ಸತ್ತರು. ಅಲ್ಲಿ ಕೋಚಿಂಗ್‌ಗೆ ಅಂತ ಇರೋ ನಮ್ಮ ಜಿಲ್ಲೆಯ ಹುಡುಗರಿಗೆ ಲೆಕ್ಕವೇ ಇಲ್ಲ.

ಶಬ್ದ ಕೇಳಿದಾಗ ನಾವು ಟ್ರಾನ್ಸ್‌ಫಾರ್ಮರ್ ಸಿಡಿಯಿತು ಅಂದುಕೊಂಡೆವು. ಆದರೆ ಕರೆಂಟು ಹೋಗಲಿಲ್ಲ. ನನಗೆ ವಿಚಿತ್ರ ಅನಿಸಿದ್ದು ಅದೇ ಮೊದಲು. ಆಮೇಲೆ ಜನ ಓಡಿ ಬರೋಕೆ ಶುರುವಾದರು. ಸಾಲಿನ ಅಂಗಡಿಗಳ ಶಟರ್‌ಗಳು ಒಂದರ ಹಿಂದೆ ಒಂದು ಬಿದ್ದವು. ನಾವೂ ಎಳೆದೆವು. ಒಳಗೆ ಐದು ನಿಮಿಷ ಕೂತಿದ್ದೇವೋ ಇಲ್ಲವೋ, ನಮ್ಮ ಸೇಠ್ ಎದ್ದು ನಿಂತು ಶಟರ್ ಎತ್ತು ಅಂದರು. ವಯಸ್ಸಾದ ಮಾರವಾಡಿ, ಒಂದು ರೂಪಾಯಿ ರಿಯಾಯಿತಿ ಕೊಡೋಕೆ ಹತ್ತು ಸಲ ಯೋಚನೆ ಮಾಡುವ ಮನುಷ್ಯ. ಹತ್ತಿ, ಗಾಜ್ ಬಟ್ಟೆ, ಬ್ಯಾಂಡೇಜ್, ಸಲೈನ್, ಐವಿ ಸೆಟ್, ಇದ್ದದ್ದೆಲ್ಲ ಹೊರಗೆ ಹಾಕಿಸಿದರು. ಬಿಲ್ ಬರೆಯಲಾ ಅಂತ ನಾನು ಕೇಳಿದೆ. ಅಭ್ಯಾಸ, ಏನು ಮಾಡೋದು. ಅವರು ಉತ್ತರ ಕೊಡಲಿಲ್ಲ.

ಒಂದು ಆಟೋ ನಿಲ್ಲಲಿಲ್ಲ. ತಳ್ಳುಗಾಡಿಯಲ್ಲಿ ಹೇರಿಕೊಂಡು ಉಸ್ಮಾನಿಯಾ ಆಸ್ಪತ್ರೆಗೆ ಹೋದೆವು. ಗೇಟಿನ ಹತ್ತಿರ ಒಂದು ಕಡೆ ರಕ್ತ ಕೊಡೋಕೆ ಬಂದವರು, ಇನ್ನೊಂದು ಕಡೆ ತಮ್ಮವರನ್ನು ಹುಡುಕಿಕೊಂಡು ಬಂದವರು. ರಕ್ತ ಕೊಡುವ ಕಡೆ ಯಾರೂ ಯಾರ ಹೆಸರೂ ಕೇಳುತ್ತಿರಲಿಲ್ಲ. ಗ್ರೂಪ್ ಯಾವುದು ಅಂತ ಮಾತ್ರ ಕೇಳುತ್ತಿದ್ದರು. ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬರಲೇ ಇಲ್ಲ, ಅಷ್ಟು ಜನ.

ಅಣ್ಣನಿಗೆ ಫೋನ್ ಮಾಡೋಕೆ ನೋಡಿದೆ. ಲೈನ್ ಸಿಗುತ್ತಿರಲಿಲ್ಲ. ಹಾಗೂ ಹೀಗೂ ಒಂದು ಸಲ ಸಿಕ್ಕಿತು, "ಆರಾಮ ಅದೀನಿ" ಅನ್ನುವಷ್ಟರಲ್ಲಿ ಕಟ್ ಆಯ್ತು. ಅವನಿಗೆ ಅದು ಕೇಳಿಸಿರಲೇ ಇಲ್ಲವಂತೆ. ದೇವದುರ್ಗದಿಂದ ಸಿಕ್ಕ ಗಾಡಿ ಹತ್ತಿ ರಾಯಚೂರು ಬಸ್ ಸ್ಟ್ಯಾಂಡಿಗೆ ಬಂದು ರಾತ್ರಿಯೆಲ್ಲ ಅಲ್ಲೇ ಕೂತಿದ್ದಾನೆ. ಹೈದರಾಬಾದಿನಿಂದ ಬಂದ ಪ್ರತಿ ಬಸ್ಸಿನ ಕಂಡಕ್ಟರನನ್ನು ಕೇಳಿದ್ದಾನೆ. ಅವರಿಗೇನು ಗೊತ್ತು ಪಾಪ. ಮನೆಯಲ್ಲಿ ಅವ್ವ ಕಿರಾಣಿ ಅಂಗಡಿಯ ಫೋನಿನ ಮುಂದೆ. ಓಣಿಯವರೆಲ್ಲ ಟಿವಿ ಇದ್ದ ಒಂದೇ ಮನೆಯಲ್ಲಿ ಸೇರಿ ತೆಲುಗು ಚಾನೆಲ್ ನೋಡುತ್ತಾ, ತೋರಿಸಿದವರ ಅಂಗಿಯ ಬಣ್ಣದಲ್ಲಿ ನನ್ನನ್ನು ಹುಡುಕುತ್ತಿದ್ದರಂತೆ.

ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಒಬ್ಬ ಹಿರಿಯರು ನನ್ನ ರಟ್ಟೆ ಹಿಡಿದರು. "ತಮ್ಮಾ, ನಮ್ಮ ಕಡೇವನೇನು?" ಲಿಂಗಸುಗೂರು ಕಡೆಯವರು. ಹೆಂಡತಿಯ ಕಣ್ಣಿನ ಆಪರೇಷನ್ನಿಗೆ ಅಂತ ಬಂದಿದ್ದರು. ಮಗ ದಿಲ್‌ಸುಖ್‌ನಗರದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದ. ಸಂಜೆ ಕೋಠಿಗೆ ಪುಸ್ತಕ ತರೋಕೆ ಹೋಗ್ತೀನಿ ಅಂದಿದ್ದನಂತೆ. ಈಗ ಫೋನ್ ಸ್ವಿಚ್ ಆಫ್. ಗೋಡೆಗೆ ಗಾಯಾಳುಗಳ ಪಟ್ಟಿ ಅಂಟಿಸುತ್ತಿದ್ದರು, ಕೆಲವು ಇಂಗ್ಲಿಷಿನಲ್ಲಿ, ಕೆಲವು ತೆಲುಗಿನಲ್ಲಿ ಕೈಯಲ್ಲಿ ಬರೆದದ್ದು. ಕಾಕಾಗೆ ತೆಲುಗು ಮಾತು ಬರುತ್ತಿತ್ತು, ಓದೋಕೆ ಆಗುತ್ತಿರಲಿಲ್ಲ. ಹೊಸ ಹಾಳೆ ಅಂಟಿಸಿದಾಗಲೆಲ್ಲ ನಾನು ಜನರ ನಡುವೆ ತೂರಿಕೊಂಡು ಹೋಗಿ ಮೇಲಿಂದ ಕೆಳಗೆ ಓದೋದು, ಬಂದು ಇಲ್ಲ ಅನ್ನೋದು. ಇಲ್ಲ ಅಂದರೆ ಒಳ್ಳೇದೋ ಕೆಟ್ಟದ್ದೋ ಇಬ್ಬರಿಗೂ ಗೊತ್ತಿಲ್ಲ. ಹೆಸರೇ ಗೊತ್ತಾಗದವರು ಒಳಗೆ ಇನ್ನೂ ಇದ್ದರು.

ಮಧ್ಯರಾತ್ರಿ ಹೊತ್ತಿಗೆ ಮಗ ಸಿಕ್ಕ. ರೂಮಿನಲ್ಲೇ ಇದ್ದ, ಚಾರ್ಜ್ ಹೋಗಿತ್ತು ಅಷ್ಟೇ. ಪಕ್ಕದ ರೂಮಿನ ಹುಡುಗನ ಫೋನಿನಿಂದ ಮಾತಾಡಿದ. ಕಾಕಾ ಅಲ್ಲೇ ಕಟ್ಟೆ ಮೇಲೆ ಕೂತರು. ನಾನು ಹೊರಡೋಣ ಅಂತ ಎದ್ದೆ. ಆಗ ಅವರು ಗೋಡೆ ಕಡೆ ಕೈ ಮಾಡಿದರು.

"ಇನ್ನೊಂದ್ ಹಾಳಿ ಹಚ್ಯಾರ ನೋಡು. ಓದು."

"ನಿಮ್ಮ ಮಗ ಸಿಕ್ಕನಲ್ಲ ಕಾಕಾ."

"ಅಲ್ಲಿ ನಿಂತಾಳಲ್ಲ, ಆಕಿಗೆ ಇನ್ನಾ ಸಿಕ್ಕಿಲ್ಲ."

ಬೆಳಗಿನವರೆಗೆ ನಾವಿಬ್ಬರೂ ಅಲ್ಲೇ ಇದ್ದೆವು. ಆ ಹೆಣ್ಣುಮಗಳ ಕಥೆ ನಾನು ಬರೆಯಲ್ಲ. ಅದು ಅವರದ್ದು.

ಈಗ ನಿಮ್ಮ ಪ್ರಶ್ನೆ. ಲುಂಬಿನಿ ಪಾರ್ಕಿನಲ್ಲಿ ಸತ್ತವರಲ್ಲಿ ಏಳು ಜನ ಮಹಾರಾಷ್ಟ್ರದ ಸಂಗಮನೇರ್‌ನ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು. ಟೂರಿಗೆ ಬಂದಿದ್ದರು. ನಿಮ್ಮ ಹಾಗೇ ಯಾರೋ ಒಬ್ಬ ಮೇಷ್ಟ್ರು ತಲೆ ಎಣಿಸಿ ಒಳಗೆ ಕೂರಿಸಿರುತ್ತಾರೆ. ನೀವು ಮಕ್ಕಳಿಗೆ ಹೇಳೋದಾದರೆ ಇಲ್ಲಿಂದ ಶುರು ಮಾಡಿ. ಬಾಂಬು ಹೇಗಿತ್ತು, ಯಾವ ಸಂಘಟನೆ, ಎಷ್ಟು ಜನ ಅರೆಸ್ಟು, ಅದೆಲ್ಲ ಮೊಬೈಲಿನಲ್ಲಿ ಸಿಗುತ್ತೆ. ನಿಮ್ಮ ವಯಸ್ಸಿನವರೇ, ನಿಮ್ಮ ಹಾಗೇ ಬಸ್ಸಿನಲ್ಲಿ ಹಾಡು ಹಾಕಿಕೊಂಡು ಬಂದವರು, ಇದೇ ಶೋ ನೋಡೋಕೆ ಕೂತಿದ್ದರು ಅಂತ ಹೇಳಿ. ಹಾಗೇ ಗೋಡೆಗೆ ಹಚ್ಚಿದ ಹಾಳೆಯ ಬಗ್ಗೆ ಹೇಳಿ, ಬೇಕಾದರೆ.

2018ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. 11 ವರ್ಷ ಆಗಿತ್ತು. ಇಬ್ಬರಿಗೆ ಗಲ್ಲು, ಒಬ್ಬನಿಗೆ ಜೀವಾವಧಿ. ಅಂಗಡಿಗೆ ಬಂದವರೊಬ್ಬರು ಪೇಪರ್ ತೋರಿಸಿ "ಈಗ ಸಮಾಧಾನ ಆಯ್ತಾ?" ಅಂತ ಕೇಳಿದರು. ನನಗೆ ತೀರ್ಪಿನ ಬಗ್ಗೆ ಏನೂ ತಕರಾರಿಲ್ಲ. ಆದರೆ ಆ ಪ್ರಶ್ನೆ ನನಗೆ ಅರ್ಥವೇ ಆಗಲಿಲ್ಲ. ಮಾತ್ರೆ ಕೊಟ್ಟು ಕಳಿಸಿದೆ.

ಹಟ್ಟಿ_ಹುಡುಗ

ಗುಮಾಸ್ತರೇ, ನಿಮ್ಮ ನೋವು ಅರ್ಥ ಆಗುತ್ತೆ. ಆದರೂ ನನ್ನ ಅಭಿಪ್ರಾಯ ಬೇರೆ. ಮಕ್ಕಳು ವರ್ಷಕ್ಕೆ ಒಂದು ಸಲ ಊರು ಬಿಟ್ಟು ಹೊರಗೆ ಬರ್ತಾರೆ. ಕುಣಿಯೋಕೆ ಬಂದವರಿಗೆ ಸಾವಿನ ಕಥೆ ಹೇಳಿದರೆ ಲೇಸರ್ ಶೋ ಪೂರ್ತಿ ಸೀಟಿನ ಕೆಳಗೆ ನೋಡ್ತಾ ಕೂರ್ತಾರೆ. ಬಾಂಬ್ ಇಟ್ಟವರಿಗೆ ಬೇಕಾಗಿದ್ದೂ ಅದೇ ಅಲ್ವಾ?

ಕೋಠಿಯ_ಹಳೇ_ಗುಮಾಸ್ತ

ಸೀಟಿನ ಕೆಳಗೆ ಒಂದು ಸಲ ನೋಡಿದರೆ ನಷ್ಟ ಏನಿಲ್ಲ ತಮ್ಮಾ.

ನಿನ್ನ ಮಾತಿನಲ್ಲಿ ಅರ್ಧ ಸರಿ ಇದೆ, ಅದನ್ನು ಒಪ್ಪುತ್ತೇನೆ. ಗೋಕುಲ್ ಚಾಟ್ ಮತ್ತೆ ತೆರೆದಾಗ ನನಗೆ ಸಿಟ್ಟು ಬಂದಿತ್ತು. ಇಷ್ಟು ಬೇಗ ಹೇಗೆ ತಿಂತಾರೆ ಜನ ಅಂತ. ನಮ್ಮ ಸೇಠ್ ಒಂದು ಸಂಜೆ ಅಂಗಡಿಯ ಹುಡುಗರನ್ನೆಲ್ಲ ಕರೆದುಕೊಂಡು ಹೋಗಿ ಅವರೇ ದುಡ್ಡು ಕೊಟ್ಟು ತಿನ್ನಿಸಿದರು. ಗಂಟಲಲ್ಲಿ ಇಳಿಯಲಿಲ್ಲ. ಆದರೂ ಅವರು ಮಾಡಿದ್ದು ಸರಿ ಅಂತ ಈಗ ಅನಿಸುತ್ತೆ. ಅಲ್ಲಿ ಕೆಲಸ ಮಾಡೋ ಹುಡುಗರಿಗೂ ಸಂಬಳ ಬೇಕಲ್ಲ. ಆದರೆ ತಿನ್ನೋದಕ್ಕೂ ಮರೆಯೋದಕ್ಕೂ ಸಂಬಂಧ ಇಲ್ಲ. ಪ್ರತಿ ಆಗಸ್ಟ್ 25ಕ್ಕೆ ಅಲ್ಲಿ ಜನ ಸೇರಿ ಶ್ರದ್ಧಾಂಜಲಿ ಕೊಡ್ತಾರೆ. ಅದೇ ಸಂಜೆ ವ್ಯಾಪಾರವೂ ನಡೆಯುತ್ತೆ.

ಮುದಗಲ್_ಕೋಟೆ

ಮೇಷ್ಟ್ರಿಗೆ ಸಲಾಂ. ನಾನು ಮುದಗಲ್‌ನವಳು, ಈಗ ರಾಯಚೂರಿನಲ್ಲಿ ಇದ್ದೇನೆ. ಗುಮಾಸ್ತ ಅಣ್ಣ ಬರೆದದ್ದು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಬರೆಯೋದು ಆ ರಾತ್ರಿಯ ಬಗ್ಗೆ ಅಲ್ಲ, ಆಮೇಲಿನ ದಿನಗಳ ಬಗ್ಗೆ.

ನನ್ನ ತಮ್ಮ ಆಗ ಹೈದರಾಬಾದಿನಲ್ಲಿ ಡಿಪ್ಲೊಮಾ ಓದುತ್ತಿದ್ದ, ಮಲಕ್‌ಪೇಟೆಯಲ್ಲಿ ರೂಮು. ಅದೇ ವರ್ಷ ಮೇ 18ಕ್ಕೆ, ಶುಕ್ರವಾರದ ನಮಾಜಿನ ಹೊತ್ತಿಗೆ, ಹೈದರಾಬಾದಿನ ಮಕ್ಕಾ ಮಸೀದಿಯಲ್ಲಿ ಬಾಂಬ್ ಸಿಡಿದಿತ್ತು. ಆಮೇಲೆ ಹೊರಗೆ ಗಲಾಟೆಯಾಗಿ ಪೊಲೀಸ್ ಗುಂಡಿಗೂ ಜನ ಸತ್ತರು. ಅವತ್ತು ನಾವೂ ಹೀಗೇ ಫೋನಿನ ಮುಂದೆ ಕೂತಿದ್ದೆವು. ಅಬ್ಬಾ ಊಟ ಬಿಟ್ಟಿದ್ದರು. ಮೂರು ತಿಂಗಳಿಗೆ ಮತ್ತೆ ಆಗಸ್ಟ್. ಮತ್ತೆ ಫೋನು.

ತಮ್ಮನಿಗೆ ಏನೂ ಆಗಲಿಲ್ಲ. ಆದರೆ ಒಂದು ವಾರಕ್ಕೆ ಮನೆ ಮಾಲೀಕರು ರೂಮು ಖಾಲಿ ಮಾಡಿ ಅಂದರು. ಕಾರಣ ಹೇಳಲಿಲ್ಲ, ಇವನೂ ಕೇಳಲಿಲ್ಲ. ಆ ವರ್ಷ ಹೈದರಾಬಾದಿನಲ್ಲಿ ಎಷ್ಟೋ ಮುಸ್ಲಿಂ ಹುಡುಗರನ್ನು ಹಿಡಿದುಕೊಂಡು ಹೋದರು. ಆಮೇಲೆ ಕೋರ್ಟುಗಳು ಅವರಲ್ಲಿ ಹಲವರನ್ನು ನಿರಪರಾಧಿಗಳು ಅಂತ ಬಿಟ್ಟವು. ಆದರೆ ಆಗ ಯಾರಿಗೆ ಗೊತ್ತಿತ್ತು? ಅಬ್ಬಾ ಹೆದರಿ ತಮ್ಮನನ್ನು ಟ್ರಂಕಿನ ಸಮೇತ ಊರಿಗೆ ಕರೆಸಿಕೊಂಡರು. ಒಂದು ವರ್ಷ ಓದು ಹಾಳಾಯ್ತು.

ಗೋಕುಲ್ ಚಾಟ್ ಮುಂದೆ ನಿಂತು ತಿಂದವನೇ ಅವನೂ. ಅಲ್ಲಿ ಸತ್ತವರಿಗೆ ಅವನೂ ಅತ್ತ. ಆದರೆ ನಮ್ಮಂಥವರು ಅಳೋಕೆ ಮೊದಲು "ಇದು ನಾವು ಮಾಡಿದ್ದಲ್ಲ" ಅಂತ ಹೇಳಿ ಮುಗಿಸಬೇಕು. ಆ ಮೇಲೆ ಅಳಬೇಕು. ಪಹಲ್ಗಾಮ್ ಆದಾಗಲೂ ಹಾಗೇ ಆಯ್ತು, ನವೆಂಬರಿನಲ್ಲೂ ಹಾಗೇ.

ಮುಂದಿನ ಜನವರಿಯಲ್ಲಿ ಮೊಹರಂ ಬಂತು. ಮುದಗಲ್ ಮೊಹರಂ ನಿಮಗೆಲ್ಲ ಗೊತ್ತೇ ಇದೆ, ಹಿಂದೂಗಳು ಮುಸ್ಲಿಮರು ಅಂತ ಬೇರೆ ಮಾಡೋಕೆ ಆಗಲ್ಲ. ತಮ್ಮ ಮನೆಯಿಂದ ಹೊರಗೆ ಬರಲಿಲ್ಲ. ಎದುರು ಮನೆಯ ಗೌಡ್ರು ಬಂದು ಬೈದು ಎಳೆದುಕೊಂಡು ಹೋದರು. ಇದನ್ನು ಬರೆದು ನಿಲ್ಲಿಸಿದರೆ ಓದೋಕೆ ಚೆನ್ನಾಗಿರುತ್ತೆ. ಆದರೆ ಅದೇ ಓಣಿಯಲ್ಲಿ ಮಾತು ಬಿಟ್ಟವರೂ ಇದ್ದರು, ಅದನ್ನೂ ಬರೆಯುತ್ತೇನೆ.

ಸರ್, ನಿಮಗೆ ಒಂದೇ ಕೋರಿಕೆ. ನಿಮ್ಮ ಬಸ್ಸಿನಲ್ಲಿ ನಮ್ಮ ಮಕ್ಕಳೂ ಇರುತ್ತಾರೆ. ನೀವು ಈ ವಿಷಯ ಹೇಳುವಾಗ ನಿಮ್ಮ ಕಣ್ಣು ಯಾರ ಕಡೆ ಹೋಗುತ್ತೆ ಅಂತ ಇಡೀ ಕ್ಲಾಸು ನೋಡುತ್ತಿರುತ್ತೆ. ಮೇ ತಿಂಗಳ ಮಸೀದಿಯನ್ನೂ ಆಗಸ್ಟ್‌ನ ಪಾರ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿ. ಆಗ ಯಾವ ಮಗುವೂ ತಲೆ ತಗ್ಗಿಸಿ ಕೂರಲ್ಲ.

ಗವಿಮಠ_ಬಂದೋಬಸ್ತ್

ಕೊಪ್ಪಳದ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ನಾನು. ಮೇಲಿನವರು ಬರೆದ ಹಾಗೆ ಬರೆಯೋಕೆ ನನಗೆ ಬರಲ್ಲ. ಕೆಲಸದ ಮಾತು ಹೇಳುತ್ತೇನೆ.

ಗವಿಸಿದ್ಧೇಶ್ವರ ಜಾತ್ರೆಯ ತೇರಿನ ದಿನ ಲಕ್ಷಾಂತರ ಜನ ಸೇರುತ್ತಾರೆ. ಅಷ್ಟು ವರ್ಷ ಡ್ಯೂಟಿ ಮಾಡಿ ನಾನು ಕಲಿತದ್ದು, ಜನರಿಗೆ ಬಾಂಬಿನ ಭಯ ಜಾಸ್ತಿ, ಗೇಟಿನ ಭಯ ಕಡಿಮೆ. ಉದಾಹರಣೆಗೆ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ತಗೊಳ್ಳಿ. 2010ರ ಏಪ್ರಿಲ್ 17ಕ್ಕೆ ಐಪಿಎಲ್ ಮ್ಯಾಚಿಗೆ ಮೊದಲು ಅಲ್ಲಿ ಬಾಂಬ್ ಸಿಡಿದವು. ಹಲವರಿಗೆ ಗಾಯ ಆಯ್ತು, ಯಾರೂ ಸಾಯಲಿಲ್ಲ, ಆಟ ಒಂದು ಗಂಟೆ ತಡವಾಗಿ ನಡೆಯಿತು. 2025ರ ಜೂನ್ 4ಕ್ಕೆ ಅದೇ ಸ್ಟೇಡಿಯಂ ಹೊರಗೆ ಯಾವ ಬಾಂಬೂ ಇಲ್ಲದೆ ಬರೀ ನೂಕುನುಗ್ಗಲಿಗೆ 11 ಜನ ಸತ್ತರು. ಹೆಚ್ಚಿನವರು ಹುಡುಗ ಹುಡುಗಿಯರು.

ಅದಕ್ಕೇ ಮೇಷ್ಟ್ರೇ, ಒಳಗೆ ಹೋದ ಕೂಡಲೇ ಹೊರಗೆ ಹೋಗೋ ದಾರಿ ಎಲ್ಲೆಲ್ಲಿದೆ ನೋಡಿಕೊಳ್ಳಿ, ಮಕ್ಕಳಿಗೂ ಕೈ ಮಾಡಿ ತೋರಿಸಿ. ಬಂದ ಗೇಟಿನಿಂದಲೇ ವಾಪಸ್ ಹೋಗಬೇಕು ಅಂತ ಎಲ್ಲರೂ ಅಲ್ಲೇ ನುಗ್ಗುತ್ತಾರೆ. ಪ್ರತಿ ಮಗುವಿನ ಜೇಬಿನಲ್ಲಿ ಒಂದು ಚೀಟಿ ಇರಲಿ, ಹೆಸರು, ಊರು, ಎರಡು ಫೋನ್ ನಂಬರ್, ರಕ್ತದ ಗುಂಪು. ಮೊಬೈಲಿದೆ ಅಂತ ಬಿಡಬೇಡಿ, ಗುಮಾಸ್ತರು ಹೇಳಿದ ಹಾಗೆ ಅಂಥ ಹೊತ್ತಿನಲ್ಲಿ ಫೋನ್ ಕೆಲಸಕ್ಕೆ ಬರಲ್ಲ. ತಪ್ಪಿಸಿಕೊಂಡರೆ ಸೇರೋ ಜಾಗ ಪಾರ್ಕಿನ ಹೊರಗೆ ಒಂದು ಗೊತ್ತು ಮಾಡಿ. ಶೋ ಮುಗಿದ ತಕ್ಷಣ ಎದ್ದೇಳಬಾರದು. ಹತ್ತು ನಿಮಿಷ ಕೂತು ಜನ ಕರಗಿದ ಮೇಲೆ ಸಾಲಾಗಿ ಹೊರಡಿ. ವಾರಸುದಾರರಿಲ್ಲದ ಬ್ಯಾಗು, ಡಬ್ಬಿ ಕಂಡರೆ ಮುಟ್ಟಬೇಡಿ, ದೂರ ಸರಿದು ಅಲ್ಲಿನ ಗಾರ್ಡಿಗೆ ಹೇಳಿ, ಇಲ್ಲವೇ 112. ಗೇಟಿನಲ್ಲಿ ಬ್ಯಾಗ್ ಚೆಕ್ ಮಾಡುವಾಗ ಕೆಲವು ಹುಡುಗರು ಗಾರ್ಡನ್ನು ತಮಾಷೆ ಮಾಡುತ್ತಾರೆ. ಆ ಚೆಕ್ಕಿಂಗ್ ಯಾಕೆ ಬಂತು ಅಂತ ಮಾತ್ರ ಅವರಿಗೆ ಮೊದಲೇ ಹೇಳಿಬಿಡಿ. ನನ್ನ ಮಟ್ಟಿಗೆ ಹೇಳಬೇಕಾ ಬೇಡವಾ ಅನ್ನೋ ಪ್ರಶ್ನೆಗೆ ಅಷ್ಟು ಸಾಕು.

ಮಾನ್ವಿ_ಮೇಷ್ಟ್ರು

ಎಲ್ಲರಿಗೂ ಬಹಳ ಥ್ಯಾಂಕ್ಸ್. ಗುಮಾಸ್ತರು ಬರೆದದ್ದನ್ನು ಅವರ ಒಪ್ಪಿಗೆ ಪಡೆದು ಸ್ಟಾಫ್ ರೂಮಿನಲ್ಲಿ ಓದಿದೆ. ಬಾಟನಿ ಮೇಡಂ ಅರ್ಧಕ್ಕೇ ಎದ್ದು ಹೋದರು. ಅವರ ಅಕ್ಕನ ಮನೆ ಕಾಚಿಗುಡದಲ್ಲಿದೆ ಅಂತ ಆಮೇಲೆ ಗೊತ್ತಾಯ್ತು.

ಕ್ಲಾಸಿನಲ್ಲೂ ಹೇಳಿದೆ. ಬಸ್ಸಿನಲ್ಲಿ ಅಥವಾ ಪಾರ್ಕಿನ ಗೇಟಿನಲ್ಲಿ ಹೇಳೋದು ಸರಿಯಲ್ಲ ಅನಿಸಿತು, ಅಲ್ಲಿ ಮಕ್ಕಳಿಗೆ ಯೋಚನೆ ಮಾಡೋಕೆ ಜಾಗ ಇರಲ್ಲ. ಮೇ ತಿಂಗಳಿಂದ ಶುರು ಮಾಡಿ ಆಗಸ್ಟ್‌ಗೆ ಬಂದೆ. ಮುದಗಲ್ ಅಕ್ಕಾರ ಮಾತು ನೆನಪಿಟ್ಟುಕೊಂಡು ಎದುರಿನ ಗೋಡೆ ನೋಡುತ್ತಲೇ ಹೇಳಿದೆ. ಕಷ್ಟ ಆಯ್ತು. ಕೊನೆ ಬೆಂಚಿನ ಗಲಾಟೆ ಗುಂಪು ಕೂಡ ಮಾತಾಡಲಿಲ್ಲ. ನಾನು ಬಾಂಬಿನ ಬಗ್ಗೆ ಪ್ರಶ್ನೆ ಬರುತ್ತೆ ಅಂತ ತಯಾರಾಗಿದ್ದೆ. ಬರಲಿಲ್ಲ. ಒಬ್ಬ ಹುಡುಗ ಮಾತ್ರ ಎದ್ದು, "ಸರ್, ಆ ಕಾಲೇಜಿನವರು ಮುಂದಿನ ವರ್ಷ ಟೂರ್ ಹೋದ್ರಾ?" ಅಂತ ಕೇಳಿದ. ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ ಅವರವರೇ ಅದರ ಬಗ್ಗೆ ವಾದ ಮಾಡಿಕೊಂಡರು. ಹೋಗಿರಬೇಕು ಅಂತ ಅರ್ಧ ಜನ, ಹೋಗಿರಲ್ಲ ಅಂತ ಅರ್ಧ ಜನ. ಬೆಲ್ ಹೊಡೆದರೂ ನಿಲ್ಲಲಿಲ್ಲ.

ಪೋಷಕರಲ್ಲಿ ಬಹಳ ಜನ ಒಪ್ಪಿದರು. ಕ್ರಿಮಿನಾಶಕದ ಅಂಗಡಿಯವರು ಒಪ್ಪಲಿಲ್ಲ. ಮಗಳು ಟೂರಿಗೆ ಬರಲಿ, ಆ ಸಂಜೆ ಪಾರ್ಕಿನೊಳಗೆ ಮಾತ್ರ ಬೇಡ ಅಂದರು. ನಾನು ಒತ್ತಾಯ ಮಾಡಲಿಲ್ಲ. ಅಂಥ ಮಕ್ಕಳನ್ನು ಬಾಟನಿ ಮೇಡಂ ಬಿರ್ಲಾ ಮಂದಿರಕ್ಕೆ ಕರೆದುಕೊಂಡು ಹೋಗುತ್ತಾರೆ, ಗುಡ್ಡದ ಮೇಲಿಂದ ಕೆರೆ ಹೇಗೂ ಕಾಣುತ್ತೆ. ಚೀಟಿ ಬರೆಸುವ ಕೆಲಸ ಶುರುವಾಗಿದೆ. ರಕ್ತದ ಗುಂಪು ಗೊತ್ತಿಲ್ಲದವರೇ ಜಾಸ್ತಿ. ಅದಕ್ಕೆ ಆರೋಗ್ಯ ಕೇಂದ್ರದವರಿಗೆ ಹೇಳಿದ್ದೇನೆ, ಒಂದು ದಿನ ಬಂದು ಎಲ್ಲರಿಗೂ ಟೆಸ್ಟ್ ಮಾಡುತ್ತಾರಂತೆ.

ಇನ್ನೊಂದೇ ಸಮಸ್ಯೆ ಉಳಿದಿದೆ. ಶೋ ಮುಗಿಯೋದು ರಾತ್ರಿ. ಬಸ್ಸು ಭರ್ತಿ ಮಕ್ಕಳಿಗೆ ಊಟ ಎಲ್ಲಿ ಹಾಕಿಸೋದು? ಕಳೆದ ಸಲ ಹೈವೇ ಡಾಬಾದಲ್ಲಿ ಬಿಲ್ ನೋಡಿ ತಲೆ ತಿರುಗಿತ್ತು.

ಕೋಠಿಯ_ಹಳೇ_ಗುಮಾಸ್ತ

ಕಾಚಿಗುಡಕ್ಕೆ ಬನ್ನಿ ಮೇಷ್ಟ್ರೇ. ನೃಪತುಂಗ ಶಾಲೆ ಇರೋ ಕಡೆ ಕನ್ನಡದವರು ಇನ್ನೂ ಬೇಕಾದಷ್ಟು ಜನ ಇದ್ದಾರೆ, ಒಂದು ಖಾನಾವಳಿಯವರು ನನಗೆ ಹಳೆಯ ಪರಿಚಯ. ನಂಬರ್ ಮೆಸೇಜ್ ಮಾಡ್ತೀನಿ. ಫಸ್ಟ್ ಏಡ್ ಡಬ್ಬಿ ನಮ್ಮ ಅಂಗಡಿಯಿಂದ ತಗೊಂಡು ಹೋಗಿ, ಬಸ್ಸು ರಾಯಚೂರು ಮೇಲೇ ಹಾಯುತ್ತಲ್ಲ. ಅನ್ನ ಸಾರು ಸಾಕು ಅಂದರೆ ಅವತ್ತು ಮಧ್ಯಾಹ್ನ ಫೋನ್ ಮಾಡಿದರೂ ನಡೆಯುತ್ತೆ. ಜೋಳದ ರೊಟ್ಟಿ ಬೇಕು ಅಂದರೆ ಮಾತ್ರ ಹಿಂದಿನ ದಿನವೇ ಹೇಳಬೇಕು, ಅಷ್ಟು ಜನಕ್ಕೆ ಬಡಿಯೋರು ಸಿಗಬೇಕಲ್ಲ.